ಶೋಕಕಾಲದಲ್ಲಿ ಹಿರಿಯರ ಸನ್ನಿಧಿ – ಭೀಷ್ಮಾಷ್ಟಮಿಯ ಚಿಂತನೆ

ಮಾಘಮಾಸದ ಶುಕ್ಲಪಕ್ಷದ ಅಷ್ಟಮಿಯು ಭೀಷ್ಮಾಷ್ಟಮಿ. ಆ ದಿನ ಸ್ನಾನಾಹ್ನಿಕಗಳನ್ನು ಮುಗಿಸಿ ಭೀಷ್ಮಾಚಾರ್ಯರಿಗೆ ತರ್ಪಣ ಕೊಡುವ ಸಂಪ್ರದಾಯವುಂಟು. ತಂದೆ ಇರುವವರೂ ಇದನ್ನು ಕೊಡುವುದುಂಟು. ವಿವಾಹವಾಗದೆ, ಸಂತಾನವಿಲ್ಲದೆ ದೇಹತ್ಯಾಗ ಮಾಡಿದ ಆ ಮಹಾನುಭಾವರಿಗೆ ಲೋಕವೆಲ್ಲವೂ ಮೊಮ್ಮಕ್ಕಳ ಸ್ಥಾನದಲ್ಲಿ ನಿಂತು ಕೈಯೆತ್ತಿ ಜಲವನ್ನು ಅರ್ಪಿಸುತ್ತದೆ. ಮನೆಯಲ್ಲಿ ಒಬ್ಬರನ್ನು ಕಳೆದುಕೊಂಡು ದುಃಖದಲ್ಲಿರುವವರು ಈ ಪಿತಾಮಹರಿಂದ ತಿಳಿಯಬೇಕಾದದ್ದು ಏನು ಎಂಬುದನ್ನು ಈ ಸಂದರ್ಭದಲ್ಲಿ ಸ್ವಲ್ಪ ವಿಚಾರ ಮಾಡೋಣ.

ಯುದ್ಧವು ಮುಗಿದಿತ್ತು. ಸತ್ತವರಿಗೆಲ್ಲ ಗಂಗೆಯಲ್ಲಿ ಜಲದಾನವಾಗುವಾಗ ಕುಂತೀದೇವಿಯು ಕರ್ಣನು ತನ್ನ ಹಿರಿಯ ಮಗನೆಂಬ ರಹಸ್ಯವನ್ನು ಹೊರಗೆಡಹಿದಳು. ಅಣ್ಣನೆಂದು ಅರಿಯದೆ ಅಣ್ಣನನ್ನೇ ಕೊಲ್ಲಿಸಿದೆನೆಂಬ ಸಂಕಟದಲ್ಲಿ ಧರ್ಮರಾಜನಿಗೆ ಗೆದ್ದ ರಾಜ್ಯವು ವಿಷವಾಯಿತು. ಕಾಡಿಗೆ ಹೋಗುವೆನೆಂದು ಹಟ ಹಿಡಿದನು. ತಮ್ಮಂದಿರು ವಾದಿಸಿದರು, ದ್ರೌಪದೀದೇವಿಯು ಹೇಳಿದಳು, ನಾರದರು ಸಮಾಧಾನಪಡಿಸಿದರು. ಶ್ರೀಕೃಷ್ಣಪರಮಾತ್ಮನು ಹಿಂದೆ ಬಾಳಿ ಅಳಿದ ಹದಿನಾರು ಮಂದಿ ರಾಜರ ಕಥೆಯನ್ನು ಹೇಳಿದನು. ಆದರೂ ಶೋಕವು ಪೂರ್ಣವಾಗಿ ಇಳಿಯಲಿಲ್ಲ. ಆಗ ವೇದವ್ಯಾಸದೇವರು, ಧರ್ಮವನ್ನು ಸಂಪೂರ್ಣವಾಗಿ ತಿಳಿಯಬೇಕಾದರೆ ಭೀಷ್ಮರ ಬಳಿಗೆ ಹೋಗು ಎಂದು ಅಪ್ಪಣೆ ಮಾಡಿದರು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಭೀಷ್ಮರು ಶರಶಯ್ಯೆಯಲ್ಲಿ ಮಲಗಿದ್ದುದು ಯಾರಿಂದ? ಧರ್ಮರಾಜನ ಪಕ್ಷದಿಂದಲೇ. ಅವರನ್ನು ಬೀಳಿಸುವ ಉಪಾಯವನ್ನು ಅವರಿಂದಲೇ ಕೇಳಿ ತಿಳಿದು, ಹತ್ತನೆಯ ದಿನದ ಯುದ್ಧದಲ್ಲಿ ಅವರನ್ನು ಕೆಡವಿದ್ದರು. ಅಂಥವರ ಮುಂದೆ ಯಾವ ಮುಖವಿಟ್ಟು ನಿಲ್ಲುವುದೆಂದು ಧರ್ಮರಾಜನು ಹಿಂದೆಗೆದನು. ಕುರುಕ್ಷೇತ್ರಕ್ಕೆ ಬಂದ ಮೇಲೂ ನಾಚಿಕೆಯಿಂದಲೂ ಶಾಪದ ಭಯದಿಂದಲೂ ಸಮೀಪಕ್ಕೆ ಹೋಗಲಾರದೆ ನಿಂತನು. ಅದನ್ನು ಶ್ರೀಕೃಷ್ಣನೇ ಭೀಷ್ಮರಿಗೆ ತಿಳಿಸಬೇಕಾಯಿತು. ಕ್ಷತ್ರಿಯನು ಯುದ್ಧದಲ್ಲಿ ಮಾಡಿದ್ದು ದೋಷವಲ್ಲವೆಂದು ಭೀಷ್ಮರು ಮೊದಲು ಆ ಮುಳ್ಳನ್ನು ಕಿತ್ತರು. ಕಾಲಿಗೆರಗಿದ ಮೊಮ್ಮಗನ ನೆತ್ತಿಯನ್ನು ಆಘ್ರಾಣಿಸಿ ಕುಳ್ಳಿರಿಸಿದರು. ಹೆದರಬೇಡ, ಸಂಕೋಚವಿಲ್ಲದೆ ಕೇಳು ಎಂದರು. ಶಾಂತಿಪರ್ವ ಮತ್ತು ಅನುಶಾಸನಪರ್ವಗಳ ಮಹೋಪದೇಶವೆಲ್ಲ ಈ ಅಭಯದಿಂದ ಹೊರಟದ್ದು. ನಾವು ನಿತ್ಯ ಪಾರಾಯಣ ಮಾಡುವ ವಿಷ್ಣುಸಹಸ್ರನಾಮವೂ ದೊರೆತದ್ದು ಧರ್ಮರಾಜನು ಕೇಳಿದ ಪ್ರಶ್ನೆಗೆ ಉತ್ತರವಾಗಿಯೇ. ಅವನು ನಾಚಿಕೆಯಿಂದ ಹಿಂದಿರುಗಿದ್ದರೆ ಆ ನಾಮಾವಳಿಯು ನಮ್ಮ ಮನೆಗಳಿಗೆ ಹೇಗೆ ಬರುತ್ತಿತ್ತು?

ಹೇಳುವವರ ಸ್ಥಿತಿಯನ್ನೂ ನೋಡಬೇಕು. ಮೈಯೆಲ್ಲ ಬಾಣಗಳಿಂದ ನೊಂದಿದೆ, ಬುದ್ಧಿ ಸ್ಥಿರವಾಗಿಲ್ಲ, ಹೇಗೆ ಹೇಳಲಿ ಎಂದು ಭೀಷ್ಮರೇ ಮೊದಲು ನುಡಿದರು. ಶ್ರೀಹರಿಯು ವರವಿತ್ತು ಅವರ ನೋವನ್ನೂ ಹಸಿವು ಬಾಯಾರಿಕೆಗಳನ್ನೂ ಹೋಗಲಾಡಿಸಿದ ಮೇಲೆಯೇ ಮಾತು ನಡೆಯಿತು. ಹಿರಿಯರ ಬಲವೂ ಸ್ವತಂತ್ರವಾದುದಲ್ಲ. ಸ್ವತಂತ್ರನಾದ ಶ್ರೀಹರಿಯು ಕೊಟ್ಟದ್ದು. ತಾನೇ ಉಪದೇಶಿಸಬಹುದಾಗಿದ್ದ ಭಗವಂತನು ಅಜ್ಜನ ಬಾಯಿಂದ ಹೇಳಿಸಿದನು.

ನಮ್ಮ ಮನೆಯ ಮಾತೊಂದನ್ನು ಇಲ್ಲಿ ಹೇಳುವುದನ್ನು ವಾಚಕರು ಮನ್ನಿಸಬೇಕು. ನಮ್ಮ ತೀರ್ಥರೂಪರು ಅರ್ಚಕರಾಗಿದ್ದವರು. ಅವರು ಹರಿಪಾದವನ್ನು ಸೇರಿದಾಗ ಹತ್ತನೆಯ ದಿನದ ಧರ್ಮೋದಕ, ಹನ್ನೆರಡನೆಯ ದಿನದ ಸಪಿಂಡೀಕರಣ, ಹದಿಮೂರನೆಯ ದಿನದ ವೈಕುಂಠಸಮಾರಾಧನೆ ಇವುಗಳವರೆಗೆ ಮನೆಯಲ್ಲಿ ಜನವಿತ್ತು, ಕೈಗೆ ಕೆಲಸವಿತ್ತು. ಹದಿನಾಲ್ಕನೆಯ ದಿನ ಬಂಧುಗಳೆಲ್ಲ ತಮ್ಮ ತಮ್ಮ ಊರಿಗೆ ಹೊರಟರು. ದುಃಖವು ನಿಜವಾಗಿ ಒಳಗೆ ಬಂದದ್ದು ಆ ದಿನ. ತಂದೆಯವರ ದೇವರ ಪೆಟ್ಟಿಗೆಯ ಮುಂದೆ ಕುಳಿತ ನಮಗೆ ಮುಚ್ಚಳ ತೆಗೆಯಲು ಕೈ ಬರಲಿಲ್ಲ. ಪಾಠಶಾಲೆಯ ಮಂತ್ರವೂ ಕಾಲೇಜಿನ ಓದೂ ಆಗ ಒದಗಲಿಲ್ಲ. ಸಂಜೆ ನೆರೆಮನೆಯ ವೃದ್ಧರೊಬ್ಬರು ಬಂದರು. ವಯಸ್ಸಿಗೆ ಬಂದ ಮಗನನ್ನು ಹಿಂದೆ ಕಳೆದುಕೊಂಡವರು. ಬಹಳ ಹೊತ್ತು ಸುಮ್ಮನೆ ಕುಳಿತಿದ್ದು ಏಳುವಾಗ, “ನಾಳೆ ಬೆಳಿಗ್ಗೆ ತೀರ್ಥಕ್ಕೆ ಬರುತ್ತೇನಪ್ಪಾ. ನಿಮ್ಮ ತಂದೆಯವರು ಇದ್ದಾಗ ತಪ್ಪಿಸಿದವನಲ್ಲ” ಎಂದಷ್ಟೇ ಹೇಳಿದರು. ಮನೆಗೆ ಬರುವ ಹಿರಿಯರನ್ನು ತೀರ್ಥವಿಲ್ಲದೆ ಹೇಗೆ ಕಳುಹಿಸುವುದು? ಮರುದಿನ ಪೆಟ್ಟಿಗೆ ತೆರೆಯಿತು. ಕಣ್ಣೀರಿನ ನಡುವೆಯೇ ಸಾಲಿಗ್ರಾಮಕ್ಕೆ ಅಭಿಷೇಕವಾಯಿತು. ಆ ವೃದ್ಧರು ತೀರ್ಥಕ್ಕಾಗಿ ಒಡ್ಡಿದ ಕೈಯೇ ನಮ್ಮನ್ನು ಮೇಲಕ್ಕೆತ್ತಿತೆಂದು ನಾವು ಇಂದಿಗೂ ನಂಬಿದ್ದೇವೆ.

ಒಮ್ಮೆ ಉಪದೇಶ ಕೇಳಿದ ಮಾತ್ರಕ್ಕೆ ದುಃಖವು ಮತ್ತೆ ಬಾರದೆಂದು ತಿಳಿಯಬಾರದು. ಭೀಷ್ಮರು ಐವತ್ತೆಂಟು ರಾತ್ರಿಗಳನ್ನು ಶರಶಯ್ಯೆಯಲ್ಲಿ ಕಳೆದು, ಉತ್ತರಾಯಣವನ್ನು ಕಾದು ದೇಹವನ್ನು ಬಿಟ್ಟರು. ಅವರಿಗೆ ಗಂಗೆಯಲ್ಲಿ ಜಲದಾನವನ್ನು ಮಾಡಿ ದಡಕ್ಕೆ ಬಂದ ಧರ್ಮರಾಜನು ಅಷ್ಟೆಲ್ಲ ಕೇಳಿದ್ದವನಾದರೂ ಪುನಃ ಕುಸಿದುಬಿದ್ದನು. ಆಶ್ವಮೇಧಿಕಪರ್ವವು ಆರಂಭವಾಗುವುದೇ ಹೀಗೆ. ಆಗ ಶ್ರೀಕೃಷ್ಣನ ಪ್ರೇರಣೆಯಿಂದ ಭೀಮಸೇನದೇವರು ಅವನನ್ನು ಹಿಡಿದುಕೊಂಡರು. ಭೀಮಸೇನರು ವಾಯುದೇವರ ಅವತಾರವೆಂಬುದನ್ನು ಬಲ್ಲ ನಮಗೆ ಈ ಚಿತ್ರವೊಂದೇ ಸಾಕು. ಬೀಳುವ ಜೀವನನ್ನು ಹರಿಯು ವಾಯುವಿನ ಮೂಲಕ ಹಿಡಿಯುತ್ತಾನೆ.

ಬಳಿಕ ಮೊದಲು ಸಮಾಧಾನ ಹೇಳಿದವನು ಧೃತರಾಷ್ಟ್ರನು. ನೂರು ಮಕ್ಕಳನ್ನು ಕಳೆದುಕೊಂಡ ಕುರುಡು ಮುದುಕನು! ಅಳಬೇಕಾದವರು ನಾನು ಮತ್ತು ಗಾಂಧಾರಿ. ವಿದುರನ ಮಾತನ್ನು ಕೇಳದೆ ಕೆಟ್ಟೆನು. ವೃದ್ಧರಾದ ನಮ್ಮಿಬ್ಬರನ್ನು ನೋಡಿ ನೀನು ಶೋಕವನ್ನು ಬಿಡು ಎಂಬುದು ಅವನ ಮಾತಿನ ತಾತ್ಪರ್ಯ. ತನ್ನ ತಪ್ಪನ್ನು ಮುಚ್ಚದೆ ಹೇಳಿದ್ದರಿಂದ ಆ ಮಾತಿಗೆ ತೂಕ ಬಂದಿತು. ಅನಂತರ ಶ್ರೀಕೃಷ್ಣನೂ ವ್ಯಾಸದೇವರೂ ಬೋಧಿಸಿ ಅವನನ್ನು ಯಜ್ಞದ ಕಾರ್ಯಕ್ಕೆ ತಿರುಗಿಸಿದರು. ಮಿತಿಮೀರಿದ ಶೋಕವು ಗತಿಸಿದ ಪಿತೃಗಳನ್ನೇ ತಪಿಸುತ್ತದೆಂಬುದು ಅಲ್ಲಿ ಶ್ರೀಕೃಷ್ಣನ ಎಚ್ಚರಿಕೆ.

ಇದರಿಂದ ದುಃಖದಲ್ಲಿರುವವರು ತಿಳಿಯಬೇಕಾದದ್ದು ಇಷ್ಟು. ಹಿರಿಯರ ಬಳಿಗೆ ಹೋಗಲು ಸಂಕೋಚ ಬೇಡ. ಹಿಂದೆ ಮಾತಿಗೆ ಮಾತು ಬೆಳೆದು ಮನಸ್ಸು ಮುರಿದಿದ್ದರೂ ಹೋಗಿ ನಮಸ್ಕರಿಸಬೇಕು. ಧರ್ಮರಾಜನಿಗಿಂತ ಹೆಚ್ಚಿನ ಅಪರಾಧವನ್ನು ನಾವು ಮಾಡಿರಲಾರೆವು. ಹೋದ ಮೇಲೆ ಬಾಯಿಬಿಟ್ಟು ಕೇಳಬೇಕು. ದುಃಖವು ಮರಳಿ ಬಂದರೆ ನಾಚದೆ ಮರಳಿ ಹೋಗಬೇಕು. ಅವರು ತೋರಿಸಿದ ಕರ್ತವ್ಯವು ಚಿಕ್ಕದಾದರೂ ಮರುದಿನವೇ ಹಿಡಿಯಬೇಕು.

ಹಿರಿಯರಲ್ಲಿಯೂ ಒಂದು ವಿಜ್ಞಾಪನೆಯುಂಟು. ಎಲ್ಲವೂ ಹಣೆಬರಹವೆಂದು ಒಂದು ಮಾತು ಹೇಳಿ ಎದ್ದುಹೋಗಬೇಡಿರಿ. ಭೀಷ್ಮರಂತೆ ಮೊದಲು ಅಭಯವನ್ನು ಕೊಟ್ಟು, ಕೇಳುವವರೆಗೆ ಕಾಯಿರಿ. ಹದಿಮೂರನೆಯ ದಿನಕ್ಕಿಂತಲೂ ಹದಿನಾಲ್ಕನೆಯ ದಿನ ನಿಮ್ಮ ಆಗಮನ ಹೆಚ್ಚು ಬೇಕಾಗುತ್ತದೆ.

ಬರುವ ಅಷ್ಟಮಿಯಂದು ಪಿತಾಮಹರಿಗೆ ತರ್ಪಣ ಕೊಡುವಾಗ ನಮ್ಮ ಊರಿನಲ್ಲಿ ಈ ವರ್ಷ ಯಾರ ಮನೆಯಲ್ಲಿ ಸಾವಾಗಿದೆಯೆಂಬುದನ್ನು ನೆನೆಯೋಣ. ಅದೇ ದಿನ ಸಂಜೆ ಹಿರಿಯರೊಬ್ಬರನ್ನು ಕರೆದುಕೊಂಡು ಆ ಮನೆಗೆ ಹೋಗಿಬರೋಣ.

॥ ಶ್ರೀಕೃಷ್ಣಾರ್ಪಣಮಸ್ತು ॥