ಮೊದಲ ಮೋಗ್ಲಿ ಕಾರಾಪುರದ ಹುಡುಗ

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಮಗಳಿಗೆ ‘ದಿ ಜಂಗಲ್ ಬುಕ್’ ಸಿನಿಮಾ ತೋರಿಸಿದೆವು. ಮುಗಿಯುತ್ತಲೇ ಅವಳು ‘ಇದು ನಮ್ಮ ಕುದುರೆಮುಖದ ಕಾಡಲ್ವಾ ಅಮ್ಮಾ?’ ಎಂದು ಕೇಳಿದಳು. ಪಕ್ಕದಲ್ಲಿ ಕೂತಿದ್ದ ನಮ್ಮ ಮಾವನವರು ‘ಕಾಡು ಯಾವುದೋ ಗೊತ್ತಿಲ್ಲ ಪುಟ್ಟಿ, ಮೋಗ್ಲಿ ಮಾತ್ರ ನಮ್ಮ ಮೈಸೂರು ಕಡೆ ಹುಡುಗ’ ಎಂದರು. ಇಬ್ಬರಲ್ಲಿ ಯಾರು ಸರಿ?
– ಓದುಗರು, ಕಳಸ

ಉತ್ತರ: ನಿಮ್ಮ ಮಾವನವರ ಮಾತು ನಿಜ. ಆದರೆ ಅವರು ಹೇಳಿದ್ದು ಬೇರೆ ಸಿನಿಮಾದ ಮೋಗ್ಲಿಯ ಸಂಗತಿ. ನೀವು ನೋಡಿದ್ದು 2016ರಲ್ಲಿ ಬಂದ ಜಾನ್ ಫಾವ್ರೋ ನಿರ್ದೇಶನದ ಚಿತ್ರವೇ ಇರಬೇಕು. ಅದರ ಮೋಗ್ಲಿ ನೀಲ್ ಸೇಥಿ, ನ್ಯೂಯಾರ್ಕಿನ ಹುಡುಗ. ಮಾವನವರ ಮನಸ್ಸಿನಲ್ಲಿದ್ದವನು ಸಾಬು. 1942ರಲ್ಲಿ ಹಾಲಿವುಡ್‌ನಲ್ಲಿ ತಯಾರಾದ ‘ಜಂಗಲ್ ಬುಕ್’ ಚಿತ್ರದ ನಾಯಕ. ಹುಟ್ಟಿದ್ದು 1924ರ ಜನವರಿಯಲ್ಲಿ, ಈಗಿನ ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರದಲ್ಲಿ. ತಂದೆ ಮೈಸೂರು ಮಹಾರಾಜರ ಆನೆಗಳ ಮಾವುತ. ಚಿಕ್ಕಂದಿನಲ್ಲೇ ತಾಯಿ, ಆಮೇಲೆ ತಂದೆಯೂ ತೀರಿಕೊಂಡು, ಹುಡುಗ ಅರಮನೆಯ ಆನೆಲಾಯದ ಆಸರೆಯಲ್ಲಿ ಬೆಳೆದ.

ಅವನನ್ನು ಸಿನಿಮಾಕ್ಕೆ ಎಳೆದು ತಂದದ್ದೂ ಮೋಗ್ಲಿಯನ್ನು ಸೃಷ್ಟಿಸಿದ ಲೇಖಕ ಕಿಪ್ಲಿಂಗನ ಕಥೆಯೇ, ಆದರೆ ಮೋಗ್ಲಿಯದಲ್ಲ. 1894ರ ‘ದಿ ಜಂಗಲ್ ಬುಕ್’ ಪುಸ್ತಕದಲ್ಲಿ ಮೋಗ್ಲಿಯ ಕಥೆಗಳ ಜೊತೆಗೆ ತೂಮಾಯಿ ಎಂಬ ಮಾವುತರ ಹುಡುಗನ ಕಥೆಯೂ ಇದೆ. ಅವನಿಗೆ ಕಾಲಾನಾಗ್ ಎಂಬ ಆನೆಯ ಮೇಲೆ ಪ್ರಾಣ. ನಡುರಾತ್ರಿ ಕಾಡಾನೆಗಳು ಒಂದೆಡೆ ಸೇರಿ ಕುಣಿಯುತ್ತವೆ ಎಂದು ಹಿರಿಯ ಮಾವುತರು ಹೇಳುತ್ತಿದ್ದುದನ್ನು ಅವನು ಕಣ್ಣಾರೆ ಕಾಣುತ್ತಾನೆ. ಕಿಪ್ಲಿಂಗ್ ಅದನ್ನು ನಡೆಸಿದ್ದು ಗಾರೋ ಬೆಟ್ಟದಲ್ಲಿ. ಅದರಲ್ಲಿ ಬರುವ ಪೀಟರ್‌ಸನ್ ಸಾಹೇಬನಿಗೆ 1870ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಕಾಡಾನೆಗಳನ್ನು ಹಿಡಿಯುವ ಖೆಡ್ಡಾ ನಡೆಸಿದ ಸ್ಯಾಂಡರ್‌ಸನ್ ಸಾಹೇಬನೇ ಮಾದರಿ ಎನ್ನುವವರಿದ್ದಾರೆ. ಹಾಗಿದ್ದರೆ ಕಥೆ ಸುತ್ತಿ ಬಳಸಿ ತನ್ನ ಊರಿಗೇ ಬಂದಂತಾಯಿತು. ಏಕೆಂದರೆ 1935ರಲ್ಲಿ ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಈ ಕಥೆಯನ್ನು ಚಿತ್ರ ಮಾಡಲು ರಾಬರ್ಟ್ ಫ್ಲಾಹರ್ಟಿಯನ್ನು ಕಳಿಸಿದ್ದು ಮೈಸೂರಿಗೆ.

ಎಸ್ಕಿಮೋಗಳ ಬದುಕನ್ನು ಚಿತ್ರಿಸಿ ಹೆಸರಾಗಿದ್ದ ಫ್ಲಾಹರ್ಟಿ ಆತುರದ ಮನುಷ್ಯನಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಆನೆ, ಕಾಡು, ಬಿಡಾರ ಎಲ್ಲವನ್ನೂ ಒದಗಿಸಿಕೊಟ್ಟರು. ತಂಡ ಇಳಿದುಕೊಂಡದ್ದು ಮೈಸೂರಿನ ಚಿತ್ತರಂಜನ್ ಮಹಲಿನಲ್ಲಿ. ಖೆಡ್ಡಾದ ದೃಶ್ಯಗಳನ್ನು ಕಾಕನಕೋಟೆ ಕಾಡಿನಲ್ಲಿ ತೆಗೆದರು. ಆನೆಲಾಯದಲ್ಲಿ ಸಿಕ್ಕ ಸಾಬುವಿಗೆ ಆಗ ಹನ್ನೊಂದು ವರ್ಷ ಇದ್ದೀತು. ಕಾಲಾನಾಗ್ ಪಾತ್ರಕ್ಕೆ ಆರಿಸಿದ್ದು ಅರಮನೆಯ ಐರಾವತನನ್ನು. ದಸರೆಯಲ್ಲಿ ಅಂಬಾರಿ ಹೊತ್ತ ಆನೆಗಳ ಪಟ್ಟಿಯಲ್ಲಿ ಈ ಐರಾವತನ ಹೆಸರಿದೆ. ಫ್ಲಾಹರ್ಟಿ ತಿಂಗಳುಗಟ್ಟಲೆ ತೆಗೆಯುತ್ತಲೇ ಇದ್ದ, ಕೋರ್ಡಾನ ದುಡ್ಡು ಕರಗುತ್ತಲೇ ಇತ್ತು. ಕೊನೆಗೆ ಕೋರ್ಡಾ ತಾಳ್ಮೆಗೆಟ್ಟು ತನ್ನ ತಮ್ಮ ಜೊಲ್ಟಾನನಿಗೆ ಕೆಲಸ ಒಪ್ಪಿಸಿ, ಉಳಿದ ದೃಶ್ಯಗಳನ್ನು ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಮಾಡಿಸಿದ. 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆಕಂಡಿತು. ವೆನಿಸ್ ಚಿತ್ರೋತ್ಸವದಲ್ಲಿ ಉತ್ತಮ ನಿರ್ದೇಶನದ ಪ್ರಶಸ್ತಿ ಬಂತು. ಹುಡುಗ ಜಗತ್ಪ್ರಸಿದ್ಧನಾದ.

ಈಗ ನೋಡಿದರೂ ಆ ಚಿತ್ರದ ಎರಡು ಭಾಗಗಳ ನಡುವಿನ ಹೊಲಿಗೆ ಕಾಣುತ್ತದೆ. ಸ್ಟುಡಿಯೋದ ಡೇರೆಯಲ್ಲಿ ಸಾಹೇಬರು ಸಂಭಾಷಣೆ ಒಪ್ಪಿಸುವಾಗ ಎಲ್ಲವೂ ಮರಗಟ್ಟಿದಂತಿರುತ್ತದೆ. ಸಾಬು ಆನೆಯ ಬಳಿ ಬಂದ ಕೂಡಲೇ ಚಿತ್ರಕ್ಕೆ ಜೀವ ಬರುತ್ತದೆ. ಅವನು ಐರಾವತನನ್ನು ಮಾತಾಡಿಸುವುದರಲ್ಲಿ, ಹತ್ತಿ ಇಳಿಯುವುದರಲ್ಲಿ ನಟನೆಯೇ ಇಲ್ಲ. ಮನೆಯ ಹಟ್ಟಿಯಲ್ಲಿ ಹಸುವಿನ ಮೈ ತಿಕ್ಕುವ ಹುಡುಗನ ಸಲೀಸು ಅದು. ಇಷ್ಟು ವರ್ಷಗಳಲ್ಲಿ ಬಂದ ಯಾವ ಮೋಗ್ಲಿ ಚಿತ್ರದಲ್ಲೂ ಮಗು ಮತ್ತು ಪ್ರಾಣಿ ಹೀಗೆ ಒಂದೇ ಚೌಕಟ್ಟಿನಲ್ಲಿ ನಿಂತದ್ದನ್ನು ನಾನು ಕಂಡಿಲ್ಲ.

ಮುಂದಿನದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಸಾಬು ಇಂಗ್ಲೆಂಡಿಗೆ ಹೋದ. ‘ದಿ ಥೀಫ್ ಆಫ್ ಬಾಗ್ದಾದ್’ (1940) ಎಂಬ ಮಾಯಾಲೋಕದ ಚಿತ್ರದಲ್ಲಿ ಕಳ್ಳಹುಡುಗ ಅಬು ಆದ. ಯುದ್ಧದ ದೆಸೆಯಿಂದ ಅದರ ಕೆಲಸ ಮುಗಿದದ್ದು ಅಮೆರಿಕದಲ್ಲಿ. ಅಲ್ಲೇ ಜೊಲ್ಟಾನ್ ಕೋರ್ಡಾ ‘ಜಂಗಲ್ ಬುಕ್’ ಕೈಗೆತ್ತಿಕೊಂಡ. ಕಾಕನಕೋಟೆಯ ಕಾಡಿನ ಮಗ ಮೋಗ್ಲಿಯಾದದ್ದು ಕ್ಯಾಲಿಫೋರ್ನಿಯಾದ ಶೆರ್ವುಡ್ ಕೆರೆಯ ದಡದಲ್ಲಿ ಎಬ್ಬಿಸಿದ ಸೆಟ್ಟಿನ ಕಾಡಿನಲ್ಲಿ, ರಬ್ಬರಿನ ಹೆಬ್ಬಾವಿನ ಜೊತೆ. ಯುದ್ಧಕಾಲದಲ್ಲಿ ಅಮೆರಿಕದ ಪೌರತ್ವ ಪಡೆದು, ಅಲ್ಲಿನ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಪದಕ ಗಳಿಸಿದ. ಆಮೇಲೆ ಒಳ್ಳೆಯ ಪಾತ್ರಗಳು ಸಿಗಲಿಲ್ಲ. 1963ರ ಡಿಸೆಂಬರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ ಮೂವತ್ತೊಂಬತ್ತು.

ಇನ್ನು ನಿಮ್ಮ ಮಗಳ ಪ್ರಶ್ನೆ. ಅದಕ್ಕೆ ನೇರ ಉತ್ತರ: ಅದು ಕುದುರೆಮುಖವೂ ಅಲ್ಲ, ಯಾವ ಊರಿನ ಕಾಡೂ ಅಲ್ಲ. 2016ರ ಚಿತ್ರವನ್ನು ಲಾಸ್ ಏಂಜಲಿಸ್‌ನ ಸ್ಟುಡಿಯೋದೊಳಗೆ, ನೀಲಿ ಪರದೆಗಳ ಮುಂದೆ ತೆಗೆದರು. ಮರ, ಹೊಳೆ, ಹುಲಿ, ಕರಡಿ ಎಲ್ಲ ಕಂಪ್ಯೂಟರಿನ ಸೃಷ್ಟಿ. ಆದರೆ ಅವಳ ಊಹೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಗ್ರಾಫಿಕ್ಸ್‌ನ ಬಹುಪಾಲು ಮಾಡಿದ ಎಂಪಿಸಿ ಕಂಪನಿಯ ಬೆಂಗಳೂರು ಶಾಖೆಯ ಕಲಾವಿದರು ಅದರಲ್ಲಿ ದುಡಿದಿದ್ದಾರೆ. ಭಾರತದ ಕಾಡುಗಳಲ್ಲಿ ತೆಗೆದ ಸಾವಿರಾರು ಫೋಟೋಗಳನ್ನು ಎದುರಿಗಿಟ್ಟುಕೊಂಡು ಎಲೆ, ತೊಗಟೆ, ಬಂಡೆಗಳನ್ನು ರೂಪಿಸಿದರು. ಕಿಪ್ಲಿಂಗನಾದರೂ ಏನು ಕಂಡಿದ್ದ? ಮೋಗ್ಲಿಯ ಕಾಡು ಮಧ್ಯಪ್ರದೇಶದ ಸಿವನಿಯದು. ಅವನು ಆ ಕಡೆ ಕಾಲಿಟ್ಟವನೇ ಅಲ್ಲ. ಕಥೆ ಬರೆದದ್ದು ಅಮೆರಿಕದ ವರ್ಮಾಂಟ್‌ನಲ್ಲಿ, ಹಿಮದ ನಡುವೆ ಕೂತು.

ಮೋಗ್ಲಿಯ ಬಳಗದಲ್ಲಿ ನಿಮ್ಮ ಸುತ್ತಮುತ್ತ ಯಾರಿದ್ದಾರೆ ಎಂದು ಮಗಳು ಮುಂದೆ ಕೇಳಿಯೇ ಕೇಳುತ್ತಾಳೆ. ಶೇರ್ ಖಾನ್ ಭದ್ರಾ ಹುಲಿ ರಕ್ಷಿತಾರಣ್ಯದಲ್ಲಿದ್ದಾನೆ, ಕುದುರೆಮುಖದಲ್ಲೂ ಓಡಾಡುತ್ತಾನೆ. ಬಘೀರ ಬೇರೆ ಜಾತಿಯ ಪ್ರಾಣಿಯಲ್ಲ, ಮೈಬಣ್ಣ ಕಪ್ಪಾದ ಚಿರತೆ. ಮಳೆಕಾಡಿನ ನೆರಳಿನಲ್ಲಿ ಅಂಥವು ಹೆಚ್ಚು. ತಮಾಷೆ ನೋಡಿ, ಇಂದು ಕರ್ನಾಟಕದಲ್ಲಿ ಅತಿ ಹೆಚ್ಚು ಕ್ಯಾಮೆರಾಗಳು ಕರಿಚಿರತೆಗಾಗಿ ಕಾದು ಕೂರುವುದು ಕಬಿನಿಯ ಕಾಡಿನಲ್ಲಿ, ಅಂದರೆ ಸಾಬು ಹುಟ್ಟಿದ ಕಾರಾಪುರದ ಮಗ್ಗುಲಲ್ಲಿ. ತೋಳ ಮಾತ್ರ ನಿಮ್ಮಲ್ಲಿಲ್ಲ. ಅದು ಕೊಪ್ಪಳದಂಥ ಬಯಲುಸೀಮೆಯ ಕುರುಚಲು ಕಾಡಿನ ಪ್ರಾಣಿ. ಕಳಸದ ಮಳೆಯಲ್ಲಿ ಮೋಗ್ಲಿಯನ್ನು ಸಾಕುವ ತೋಳ ಸಿಗುವುದಿಲ್ಲ. ಲೂಯಿ ಎಂಬ ವಾನರರಾಜ ಕಿಪ್ಲಿಂಗನ ಪುಸ್ತಕದಲ್ಲೇ ಇಲ್ಲ, 1967ರ ಡಿಸ್ನಿ ಕಾರ್ಟೂನ್ ಚಿತ್ರ ಸೇರಿಸಿದ ಒರಾಂಗುಟಾನ್ ಅದು. ಭಾರತದಲ್ಲಿ ಒರಾಂಗುಟಾನ್ ಇಲ್ಲವೆಂದು 2016ರ ಚಿತ್ರದವರು ಅದನ್ನು ಗತಕಾಲದ ದೈತ್ಯವಾನರ ಮಾಡಿದರು. ಅದರ ಬದಲು ಕುದುರೆಮುಖದ ಸಿಂಗಳೀಕವನ್ನು ಮಗಳಿಗೆ ತೋರಿಸಿ. ಕಪ್ಪು ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ, ಮರದಿಂದ ನೆಲಕ್ಕಿಳಿಯಲು ಮನಸ್ಸೇ ಇಲ್ಲದ ಗಾಂಭೀರ್ಯ. ರಾಜನ ಕಳೆ ಇರುವುದು ಅದಕ್ಕೆ.

ಸಿನಿಮಾದವರು ಕೈಬಿಟ್ಟ ಒಂದು ಕಥೆ ನಿಮ್ಮ ಕಡೆಯವರಿಗೆ ಚೆನ್ನಾಗಿ ಅರ್ಥವಾಗುವಂಥದ್ದು. ‘ದಿ ಸೆಕೆಂಡ್ ಜಂಗಲ್ ಬುಕ್’ನಲ್ಲಿ ದಖ್ಖನ್ನಿನಿಂದ ಸೀಳುನಾಯಿಗಳ ದೊಡ್ಡ ಹಿಂಡೊಂದು ತೋಳಗಳ ಕಾಡಿಗೆ ನುಗ್ಗುತ್ತದೆ. ಹುಲಿಯೂ ದಾರಿ ಬಿಡುವ ಹಿಂಡು ಅದು. ಮೋಗ್ಲಿ ಅವನ್ನು ಕೆಣಕಿ, ಬೆನ್ನಟ್ಟಿಸಿಕೊಂಡು, ಹೆಜ್ಜೇನು ಕಟ್ಟಿದ ಹೊಳೆಯ ಬಂಡೆಗಳ ಮೇಲೆ ಓಡುತ್ತಾನೆ. ಜೇನನ್ನು ಎಬ್ಬಿಸಿ ತಾನು ನೀರಿಗೆ ಹಾರುತ್ತಾನೆ. ಹೆಜ್ಜೇನು ಎದ್ದರೆ ಏನಾಗುತ್ತದೆಂದು ಕಾಫಿತೋಟದ ಆಳುಗಳನ್ನು ಕೇಳಿ. ಸಿಲ್ವರ್ ಮರದ ನೆರಳು ಕಡಿಯಲು ಹತ್ತಿದವರು ಕತ್ತಿ ಅಲ್ಲೇ ಬಿಸಾಡಿ ಇಳಿದು ಓಡುವುದುಂಟು. ಮೋಗ್ಲಿಯ ಸಾಹಸಗಳಲ್ಲಿ ನನಗೆ ನಂಬಿಕೆ ಹುಟ್ಟಿಸಿದ್ದು ಇದೊಂದೇ.

ಆನೆಯ ವಿಷಯಕ್ಕೆ ಬಂದರೆ ಸಿನಿಮಾಕ್ಕೂ ನಿಮ್ಮ ಜಿಲ್ಲೆಗೂ ಅಜಗಜಾಂತರ. ಫಾವ್ರೋ ಚಿತ್ರದಲ್ಲಿ ಆನೆಗಳು ಕಾಡನ್ನು ಸೃಷ್ಟಿಸಿದ ದೇವತೆಗಳು. ಎದುರಾದರೆ ತಲೆಬಾಗಬೇಕು ಎಂದು ಬಘೀರ ಮೋಗ್ಲಿಗೆ ಕಲಿಸುತ್ತಾನೆ. ಮೂಡಿಗೆರೆಯಲ್ಲಿ ಆನೆ ಎದುರಾದರೆ ತಲೆಬಾಗಲು ಯಾರೂ ನಿಲ್ಲುವುದಿಲ್ಲ. ಹಿಂಡು ಯಾವ ತೋಟದಲ್ಲಿದೆ ಎಂದು ಆನೆ ಕಾರ್ಯಪಡೆಯವರು ತಿಳಿಸಿದ ಮೇಲೆಯೇ ಹಣ್ಣು ಕೊಯ್ಯಲು ಆಳುಗಳು ಇಳಿಯುತ್ತಾರೆ. ಪುಂಡಾನೆ ಹಿಡಿಯಲು ಸಾಕಾನೆಗಳ ಜೊತೆ ಬರುವ ಮಾವುತರು, ಕಾವಾಡಿಗಳದು ಸಾಬುವಿನ ತಂದೆಯ ಕಸುಬೇ. ಎಂಟು ದಸರೆಗಳಲ್ಲಿ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರಿನಲ್ಲಿ ಸತ್ತದ್ದು ಪಕ್ಕದ ಸಕಲೇಶಪುರ ತಾಲ್ಲೂಕಿನ ಯಸಳೂರು ಕಾಡಿನಲ್ಲಿ, ಇಂಥದೇ ಕಾರ್ಯಾಚರಣೆಯಲ್ಲಿ ಕಾಡಾನೆಯೊಂದಿಗೆ ಸೆಣಸುತ್ತ. ಮಗಳಿಗೆ ಇದನ್ನೂ ಹೇಳಿ. ಸಿನಿಮಾದ ಆನೆಯನ್ನಷ್ಟೇ ನಂಬಿಕೊಂಡು ಕಾಫಿಸೀಮೆಯ ಮಗು ಬೆಳೆಯಬಾರದು.

ಇನ್ನೊಂದು ಮಾತು ಹೇಳದೆ ಇರಲಾರೆ. 2016ರ ಏಪ್ರಿಲ್‌ನಲ್ಲಿ ಈ ಚಿತ್ರ ಅಮೆರಿಕಕ್ಕಿಂತ ಒಂದು ವಾರ ಮೊದಲೇ ಭಾರತದಲ್ಲಿ ಬಿಡುಗಡೆಯಾಯಿತು. ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ. ಕನ್ನಡದಲ್ಲಿ ಬರಲಿಲ್ಲ. ಡಬ್ಬಿಂಗ್ ತಡೆಯುವುದು ತಪ್ಪೆಂದು ಸ್ಪರ್ಧಾ ಆಯೋಗ ಹಿಂದಿನ ವರ್ಷವೇ ಹೇಳಿದ್ದರೂ ಆಗಿನ್ನೂ ಡಬ್ಬಿಂಗ್ ಅಂದರೆ ನಮ್ಮ ಚಿತ್ರರಂಗ ಉರಿದುಬೀಳುತ್ತಿತ್ತು. ಮೊದಲ ಮೋಗ್ಲಿಯನ್ನು ಕೊಟ್ಟ ನಾಡಿನ ಮಕ್ಕಳು ಮೋಗ್ಲಿಯ ಮಾತನ್ನು ಬೇರೆ ಭಾಷೆಯಲ್ಲಿ ಕೇಳಿಸಿಕೊಳ್ಳಬೇಕಾಯಿತು. ಡಬ್ಬಿಂಗ್ ವಿರೋಧಿಗಳ ವಾದಗಳಲ್ಲಿ ಹುರುಳಿಲ್ಲದಿಲ್ಲ, ಆದರೆ ಮಕ್ಕಳ ಚಿತ್ರಗಳ ವಿಷಯದಲ್ಲಿ ಆ ಹಟ ನನಗೆ ಎಂದೂ ಒಪ್ಪಿಗೆಯಾಗಿಲ್ಲ.

ಮಾವನವರನ್ನೂ ಮಗಳನ್ನೂ ಜೊತೆಗೆ ಕೂರಿಸಿ ‘ಎಲಿಫೆಂಟ್ ಬಾಯ್’ ತೋರಿಸಿ. ಕಪ್ಪುಬಿಳುಪು ಚಿತ್ರ, ಒಂದೂವರೆ ಗಂಟೆಯೂ ಇಲ್ಲ. 1942ರ ‘ಜಂಗಲ್ ಬುಕ್’ ಬಣ್ಣದ್ದು. ಅಮೆರಿಕದಲ್ಲಿ ಅದರ ಹಕ್ಕುಸ್ವಾಮ್ಯ ನವೀಕರಣವಾಗದೆ ಹೋದ್ದರಿಂದ ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಎರಡರಲ್ಲಿ ಒಂದನ್ನೇ ನೋಡುವಷ್ಟು ಪುರುಸೊತ್ತಿದ್ದರೆ ಮೊದಲನೆಯದನ್ನೇ ನೋಡಿ. ಅದರಲ್ಲಿ ಕಾಣುವ ಖೆಡ್ಡಾ ಈಗಿಲ್ಲ. ಕೊನೆಯದು ನಡೆದದ್ದು 1971ರಲ್ಲಿ. ಅದು ನಡೆಯುತ್ತಿದ್ದ ಬಯಲು ಕಬಿನಿ ಜಲಾಶಯದಲ್ಲಿ ಮುಳುಗಿದೆ.