ಕೊನೆ ತೂಬಿನವರು ಬಾರದಿದ್ದರೆ

ನೀರು ಬಳಕೆದಾರರ ಸಂಘಕ್ಕೆ ನಿರ್ದೇಶಕನಾದೆಯಂತೆ, ಸಂತೋಷ ಕಣಪ್ಪ. ಕಾಲುವೆ ಹೂಳೆತ್ತುವ ದಿನ ಮೇಲ್ಭಾಗದ ದೊಡ್ಡ ಹಿಡುವಳಿಯವರು ತಲೆ ಹಾಕುವುದಿಲ್ಲ, ಅವರಿಗೆ ಊರಿನ ಅಭಿಮಾನವಿಲ್ಲ ಎಂದು ಬೇಸರ ಮಾಡಿಕೊಂಡೆಯಲ್ಲ, ಅದಕ್ಕೇ ಈ ಮಾತು. ಅಭಿಮಾನದ ವಿಷಯ ಆಮೇಲೆ. ಮೊದಲು ಲೆಕ್ಕ ಹಾಕು.

ನಾಲ್ಕು ಜನರ ಒಂದು ಆಟ. ಎಲ್ಲರ ಕೈಯಲ್ಲೂ 100 ರೂಪಾಯಿ. ಹುಂಡಿಗೆ ಹಾಕಿದ್ದು ಎರಡರಷ್ಟಾಗಿ ನಾಲ್ವರಿಗೂ ಸಮನಾಗಿ ಬರುತ್ತದೆ. ಎಲ್ಲರೂ ಪೂರ್ತಿ ಹಾಕಿದರೆ ತಲೆಗೆ 200. ಒಬ್ಬ ಕೈ ಕಟ್ಟಿ ಕೂತರೆ ಅವತ್ತಿನ ಮಟ್ಟಿಗೆ ಅವನಿಗೇ ಲಾಭ, ನಿಜ. ಆದರೆ ಆಟ ದಿನಾ ನಡೆಯುವುದಾದರೆ ನಾಳೆ ಉಳಿದವರೂ ಅವನನ್ನೇ ನೋಡಿ ಕಲಿಯುತ್ತಾರೆ, ಹುಂಡಿ ಬರಿದಾಗುತ್ತದೆ. ಆ ಹೆದರಿಕೆಯಿಂದಲೇ ಸಹಕಾರ ಉಳಿಯುವುದು. ಈಗ ಅದೇ 400 ರೂಪಾಯಿಯಲ್ಲಿ ಒಬ್ಬನಿಗೆ 370, ಮಿಕ್ಕ ಮೂವರಿಗೆ ಹತ್ತು ಹತ್ತು ಕೊಟ್ಟು ನೋಡು. ಎಲ್ಲರೂ ಪೂರ್ತಿ ಹಾಕಿದರೂ ಅವನ ಕೈಗೆ ಬರುವುದು 200 ಮಾತ್ರ. ಯಾಕೆ ಹಾಕುತ್ತಾನೆ? ಮೂವರೂ ಮುನಿಸಿಕೊಂಡರೆ ಅವನಿಗೆ ತಪ್ಪುವುದು ಹದಿನೈದೇ ರೂಪಾಯಿ.

ಹೌಸರ್, ಹಿಲ್ಬೆ, ಚಟರ್ಜಿ, ನೊವಾಕ್ ಎಂಬ ನಾಲ್ವರು 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಅಂತರ ಅತಿಯಾದರೆ ಸಹಕಾರ ನಿಲ್ಲುವುದಿಲ್ಲ. ಜೊತೆಗೆ ಇನ್ನೊಂದನ್ನೂ ಹೇಳಿದರು. ಒಬ್ಬೊಬ್ಬರ ದುಡಿಮೆಯ ಫಲ ಬೇರೆ ಬೇರೆಯಾಗಿರುವಲ್ಲಿ, ಹೆಚ್ಚು ಫಲ ತರುವವನ ಕೈಯಲ್ಲಿ ಕೊಂಚ ಹೆಚ್ಚಿದ್ದರೆ ಎಲ್ಲರಿಗೂ ಒಳ್ಳೆಯದೇ. ಆದ್ದರಿಂದ ಎಲ್ಲರನ್ನೂ ಒಂದೇ ಅಳತೆಗೆ ತರುತ್ತೇನೆಂದು ಹೊರಡಬೇಡ.

ಕಾಲುವೆಯ ಮಾತಿಗೆ ಬಂದರೆ ನೇಪಾಳವನ್ನು ನೋಡಬೇಕು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಅಲ್ಲಿನ ರೈತರ ಕಾಲುವೆಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಕಲ್ಲು, ಸೊಪ್ಪುಸದೆ, ಮಣ್ಣಿನಿಂದ ಕಟ್ಟಿದ ಒಡ್ಡು ಮಳೆಗಾಲ ಬಂತೆಂದರೆ ಕೊಚ್ಚಿ ಹೋಗುತ್ತಿತ್ತು. ಮತ್ತೆ ಕಟ್ಟಲು ಮೇಲಿನವರಿಗೆ ಕೆಳಗಿನವರ ಆಳು ಬೇಕೇ ಬೇಕು. ಆಳು ಬೇಕಾದರೆ ನೀರು ಬಿಡಲೇಬೇಕು. ಸರ್ಕಾರ ಬಂದು ಗಟ್ಟಿ ಕಾಂಕ್ರೀಟ್ ಒಡ್ಡು ಕಟ್ಟಿಕೊಟ್ಟ ಎಷ್ಟೋ ಕಡೆ ಆ ಹಂಗು ಹರಿಯಿತು, ಕೊನೆಯ ಗದ್ದೆಗಳಿಗೆ ನೀರು ಕಮ್ಮಿಯಾಯಿತು. ಒಳ್ಳೆಯದು ಮಾಡಲು ಹೋಗಿ ಬಡವನ ಕೈಯಲ್ಲಿದ್ದ ಒಂದೇ ಒಂದು ಹಿಡಿತವನ್ನೂ ಕಿತ್ತುಕೊಂಡಂತಾಯಿತು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಿಮ್ಮಲ್ಲೂ ಕಾಲುವೆಗೆ ಕಾಂಕ್ರೀಟ್ ಹಾಕಿಸುವ ಅರ್ಜಿ ತಯಾರಾಗಿದೆ ಅಂದೆ. ಹಾಕಿಸು, ಬೇಡ ಅನ್ನುವುದಿಲ್ಲ. ಆದರೆ ಆ ಅರ್ಜಿಗೆ ಕೊನೆ ತೂಬಿನವರ ಸಹಿಯೂ ಬೇಕಲ್ಲ. ಅವರ ಕೈ ಅಗತ್ಯವಿರುವ ಈಗಲೇ ಸಭೆ ಕರೆದು, ಯಾರಿಗೆ ಯಾವ ವಾರ ಎಷ್ಟು ತಾಸು ನೀರು ಎಂಬ ಸರದಿಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಮೇಲಿನವರ ರುಜು ತೆಗೆದುಕೋ.