ಸ್ವಯಂನಿರ್ಮಿತ ವಿಮಾನದ ಆಸನ: ಮೆತ್ತೆ ಮತ್ತು ಹೊದಿಕೆಯ ಲೆಕ್ಕಾಚಾರ

ಅಮೆರಿಕದಲ್ಲಿ ಹವ್ಯಾಸಿಗಳು ಮನೆಯ ಗ್ಯಾರೇಜಿನಲ್ಲಿಯೇ ಎರಡು ಆಸನಗಳ ಸಣ್ಣ ವಿಮಾನವನ್ನು ಕಟ್ಟಿ ಹಾರಿಸುವ ಪದ್ಧತಿ ದಶಕಗಳಿಂದ ಬೆಳೆದುಬಂದಿದೆ. ಇವರ ಸಂಸ್ಥೆಯಾದ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ 1953ರಲ್ಲಿ ಸ್ಥಾಪಿತವಾಯಿತು. ವಿಮಾನದ ಹೆಚ್ಚಿನ ಭಾಗವನ್ನು ಹವ್ಯಾಸಿಗಳೇ ನಿರ್ಮಿಸಿರಬೇಕೆಂಬುದು ಅಲ್ಲಿನ ನಿಯಮ. ಆದರೆ ಬಣ್ಣ ಬಳಿಯುವುದು, ಆಸನಕ್ಕೆ ಹೊದಿಕೆ ಹಾಕುವುದು ಮುಂತಾದವನ್ನು ಹಣ ತೆತ್ತು ಹೊರಗೆ ಮಾಡಿಸಲು ಅಡ್ಡಿಯಿಲ್ಲ. ಸಣ್ಣ ಕುಷನ್ ತಯಾರಕರಿಗೆ ಕೆಲಸ ದೊರೆಯುವುದು ಈ ವಿನಾಯಿತಿಯಿಂದಲೇ. ಕಾರಿನ ಸೀಟು ಹೊಲಿಯುವವರು ಇದನ್ನೂ ಹೊಲಿಯಬಲ್ಲರು. ಆದರೆ ವೆಚ್ಚವನ್ನು ಹಣದ ಜೊತೆಗೆ ತೂಕದಲ್ಲಿಯೂ ಬರೆದಿಡಬೇಕಾಗುತ್ತದೆ.

45 ಸೆಂ.ಮೀ. ಉದ್ದ, ಅಷ್ಟೇ ಅಗಲ, 7.5 ಸೆಂ.ಮೀ. ದಪ್ಪದ ಒಂದು ಮೆತ್ತೆಯನ್ನು ತೆಗೆದುಕೊಳ್ಳೋಣ. ಘನಮೀಟರಿಗೆ 32 ಕಿಲೋ ಸಾಂದ್ರತೆಯ ಸಾಮಾನ್ಯ ಪಾಲಿಯುರೆಥೇನ್ ಫೋಮಿನಲ್ಲಿ ಇದರ ತೂಕ ಸುಮಾರು ಅರ್ಧ ಕಿಲೋ. ಹವ್ಯಾಸಿಗಳು ಮೆಚ್ಚುವ 'ಕಾನ್ಫೋರ್' ಎಂಬ ನಿಧಾನವಾಗಿ ಪುಟಿಯುವ ಫೋಮಿನ ಸಾಂದ್ರತೆ ಸುಮಾರು 94 ಕಿಲೋ. ಆಗ ಅದೇ ಮೆತ್ತೆ 1.4 ಕಿಲೋ ತೂಗುತ್ತದೆ. ಎರಡು ಆಸನಗಳ ಕೂರುವ ಭಾಗ ಮತ್ತು ಬೆನ್ನಿನ ಭಾಗ ಸೇರಿ ನಾಲ್ಕು ಮೆತ್ತೆಗಳಿಗೆ ವ್ಯತ್ಯಾಸ 3.8 ಕಿಲೋ, ಅಂದರೆ ಸುಮಾರು 5 ಲೀಟರ್ ವಿಮಾನ ಪೆಟ್ರೋಲು. ಗಂಟೆಗೆ 30 ಲೀಟರ್ ಕುಡಿಯುವ ಎಂಜಿನ್ ಇದ್ದಲ್ಲಿ ಹತ್ತು ನಿಮಿಷದ ಹಾರಾಟ.

ಹಾಗಾದರೆ ಅಗ್ಗದ ಫೋಮೇ ಸಾಕೆ? ಸಾಲದು. ವಿಮಾನ ನೆಲಕ್ಕೆ ಬಲವಾಗಿ ಅಪ್ಪಳಿಸಿದಾಗ ಮೃದುವಾದ ಫೋಮು ಒಮ್ಮೆಲೇ ತಳಕ್ಕೆ ಕುಸಿದು, ಆಸನದ ಪೆಟ್ಟನ್ನು ಕುಳಿತವನ ಬೆನ್ನುಹುರಿಗೆ ಇನ್ನಷ್ಟು ಹೆಚ್ಚಿಸಿ ಮುಟ್ಟಿಸಬಲ್ಲದು. ನಿಧಾನವಾಗಿ ಪುಟಿಯುವ ಜಾತಿಯದು ದೇಹದ ಶಾಖಕ್ಕೆ ಮೃದುವಾಗುತ್ತದೆ, ಹಠಾತ್ ಪೆಟ್ಟಿಗೆ ಗಡುಸಾಗುತ್ತದೆ. 1960ರ ದಶಕದಲ್ಲಿ ನಾಸಾ ಸಂಶೋಧನೆಯಿಂದ ಈ ಬಗೆಯ ಫೋಮು ಹುಟ್ಟಿತು. ಚಳಿಗಾಲದ ಬೆಳಿಗ್ಗೆ ಅದು ಹಲಗೆಯಂತಿರುತ್ತದೆ ಎಂಬ ದೂರೂ ನಿಜವೇ. ಕೂರುವ ಭಾಗಕ್ಕೆ ಮಾತ್ರ ಇದನ್ನು ಬಳಸಿ, ಬೆನ್ನಿಗೆ ಹಗುರವಾದುದನ್ನು ಹಾಕುವುದೇ ಲೇಖಕನ ದೃಷ್ಟಿಯಲ್ಲಿ ಸರಿಯಾದ ಹಂಚಿಕೆ; ಹೆಚ್ಚುವರಿ ತೂಕ ಅರ್ಧಕ್ಕಿಳಿಯುತ್ತದೆ. ಮೆತ್ತೆ ದಪ್ಪವಾದಷ್ಟೂ ತಲೆ ಗಾಜಿನ ಮೇಲ್ಮುಚ್ಚಿಗೆಗೆ ಹತ್ತಿರವಾಗುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಹೊದಿಕೆಯ ವಿಷಯದಲ್ಲಿ ಅಂದಕ್ಕಿಂತ ಬೆಂಕಿಯ ಪರೀಕ್ಷೆ ಮುಖ್ಯ. ದೊಡ್ಡ ಪ್ರಯಾಣಿಕ ವಿಮಾನಗಳ ಅಮೆರಿಕನ್ ನಿಯಮದಂತೆ, ನೇರವಾಗಿ ತೂಗುಹಾಕಿದ ತುಂಡಿಗೆ 12 ಸೆಕೆಂಡು ಜ್ವಾಲೆ ಹಿಡಿದು ತೆಗೆದ ಮೇಲೆ ಅದು 15 ಸೆಕೆಂಡಿನೊಳಗೆ ತಾನಾಗಿ ಆರಬೇಕು. ಸುಟ್ಟ ಉದ್ದ 8 ಅಂಗುಲ ಮೀರಬಾರದು. ಸ್ವಯಂನಿರ್ಮಿತ ವಿಮಾನಕ್ಕೆ ಇದು ಕಡ್ಡಾಯವಲ್ಲ. ಆದರೂ ಪಾಲಿಯುರೆಥೇನ್ ಉರಿದಾಗ ಹೈಡ್ರೋಜನ್ ಸಯನೈಡ್ ಸೇರಿದ ವಿಷಾನಿಲ ಹೊರಡುವುದರಿಂದ, ವಿವೇಕಿಯಾದ ಗ್ರಾಹಕ ಇದನ್ನು ಕೇಳಿಯೇ ಕೇಳುತ್ತಾನೆ. ಬಟ್ಟೆಯೊಂದನ್ನೇ ಪರೀಕ್ಷಿಸಿದರೆ ಸಾಲದು. ಫೋಮು, ಅಂಟು, ದಾರ ಎಲ್ಲವೂ ಸೇರಿದ ತುಂಡನ್ನೇ ಸುಟ್ಟು ನೋಡಬೇಕು. ಉಣ್ಣೆಗೆ ಬೇಗ ಬೆಂಕಿ ಹತ್ತದು. ತೊಗಲು ಬಾಳಿಕೆಯದಾದರೂ ಭಾರ. ಉಪ್ಪಿನಂಶದ ದ್ರಾವಣದಿಂದ ಬೆಂಕಿನಿರೋಧಕ ಮಾಡಿದ ಹತ್ತಿಬಟ್ಟೆಯ ಗುಣ ಒಗೆತಕ್ಕೆ ತೊಳೆದುಹೋಗಬಹುದು.

ರಫ್ತುದಾರರ ಗಮನಕ್ಕೆ ಒಂದು ಮಾತು: ವಿಮಾನದ ಆಸನ ಸುಂಕದ ಪಟ್ಟಿಯಲ್ಲಿ 9401ನೇ ಶೀರ್ಷಿಕೆಗೆ ಸೇರಿದರೆ, ಬಿಡಿಯಾಗಿ ಕಳುಹಿಸಿದ ಮೆತ್ತೆ 9404ಕ್ಕೆ ಸೇರುತ್ತದೆ. ಬಿಲ್ಲಿನಲ್ಲಿ ಪ್ರತಿ ಮೆತ್ತೆಯ ತೂಕವನ್ನೂ ಫೋಮಿನ ಬ್ಯಾಚ್ ಸಂಖ್ಯೆಯನ್ನೂ ನಮೂದಿಸುವುದು ಒಳ್ಳೆಯದು. ಆಸನ ಅಳವಡಿಸಿದ ಮೇಲೆ ಮಾಲೀಕನು ವಿಮಾನದ ತೂಕ ಮತ್ತು ಗುರುತ್ವಕೇಂದ್ರದ ದಾಖಲೆಯನ್ನು ತಿದ್ದಿ ಬರೆಯುವಾಗ ಆ ಅಂಕಿಗಳೇ ಬೇಕಾಗುತ್ತವೆ.